ನೀರು ಹಾಕುವವರು

ಐಸ್ ಹಾಕಿಯ ಅಂಗಳಕ್ಕೆ ಎಲ್ಲರಿಗಿಂತ ಮೊದಲು ಬರುವವರು ನೀರು ಹಾಕುವವರು. ಕಬಡ್ಡಿಗೆ, ಖೋಖೋಗೆ, ಫುಟ್‌ಬಾಲಿಗೆ ನೆಲವೆಂಬುದು ಮೊದಲೇ ಇರುತ್ತದೆ. ಸುಣ್ಣದ ಗೆರೆ ಎಳೆದರೆ ಅದೇ ಅಂಗಳವಾಗುತ್ತದೆ. ಮಂಜುಗಡ್ಡೆಯ ಮೇಲಿನ ಆಟಕ್ಕೆ ಮಾತ್ರ ನೆಲವನ್ನೇ ಹೊಸದಾಗಿ ಮಾಡಿಕೊಳ್ಳಬೇಕು, ಆಡುವವರ ಸ್ಕೇಟಿನ ಅಲಗು ಅದನ್ನು ಒಂದೇ ಹಗಲಿನಲ್ಲಿ ಕೆರೆದು ಹಾಳು ಮಾಡುತ್ತದೆ, ರಾತ್ರಿ ಮತ್ತೆ ಮಾಡಬೇಕು. ಇದನ್ನು ನಾನು ಕಣ್ಣಾರೆ ಕಂಡದ್ದು ಲಡಾಖ್‌ನ ಲೇಹ್‌ನಲ್ಲಿ. ಅದು ಕೆಲಸಕ್ಕೆ ಬರುತ್ತಿರುವುದು ಕಲಬುರಗಿಯಲ್ಲಿ. ಮೇ ತಿಂಗಳಲ್ಲಿ ಬಿಸಿಲು 42 ಡಿಗ್ರಿ ದಾಟುವ, ಬರ್ಫವೆಂದರೆ ಕಬ್ಬಿನ ಹಾಲಿನ ಗಾಡಿಯ ಮೇಲೆ ಗೋಣಿಚೀಲ ಸುತ್ತಿಟ್ಟ ಗಡ್ಡೆ ಎಂದೇ ತಿಳಿದಿರುವ ಊರಿನಲ್ಲಿ.

ನಾನು ಕೇಂದ್ರೀಯ ವಿದ್ಯಾಲಯದಲ್ಲಿ ಗಣಿತ ಕಲಿಸುತ್ತಿದ್ದವನು. ಈ ನೌಕರಿಯಲ್ಲಿ ದೇಶದ ಯಾವ ಮೂಲೆಗೂ ವರ್ಗವಾಗಬಹುದು, ಹಾಗೆಯೇ ಒಮ್ಮೆ ಲೇಹ್‌ಗೆ ಆಯಿತು. ಅಲ್ಲಿ ಶಾಲೆಗಳಿಗೆ ಚಳಿಗಾಲದಲ್ಲಿಯೇ ದೀರ್ಘ ರಜೆ. ದಕ್ಷಿಣದಿಂದ ಹೋದ ಶಿಕ್ಷಕರು ರಜೆ ಘೋಷಣೆಯಾದ ಕೂಡಲೇ ವಿಮಾನ ಹತ್ತುತ್ತಾರೆ, ನಾನೂ ಹತ್ತುತ್ತಿದ್ದೆ. ರಜೆಯಲ್ಲಿ ಹೋಗಿಬಿಡುವ ಮೇಷ್ಟ್ರುಗಳಿಗೆ ನಮ್ಮ ಊರು ಅರ್ಧವೇ ಗೊತ್ತು ಎಂದು ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ಹೇಳಿದ್ದರಿಂದ ಒಂದು ವರ್ಷ ಅಲ್ಲೇ ಉಳಿದೆ. ಆ ಹುಡುಗಿ ಹಾಕಿ ಆಡುತ್ತಿದ್ದಳು. ಅವಳ ತಂದೆ ಬೇಸಿಗೆಯಲ್ಲಿ ಪ್ರವಾಸಿಗರ ಟ್ಯಾಕ್ಸಿ ಓಡಿಸುತ್ತಿದ್ದರು, ಚಳಿಗಾಲದಲ್ಲಿ ಆ ದುಡಿಮೆ ಇರುತ್ತಿರಲಿಲ್ಲ; ಕತ್ತಲಾದ ಮೇಲೆ ಅಂಗಳಕ್ಕೆ ನೀರು ಹಾಕುವ ಗುಂಪಿನಲ್ಲಿ ಅವರೂ ಒಬ್ಬರು.

ಲೇಹ್ ಇರುವುದು ಸಮುದ್ರಮಟ್ಟದಿಂದ ಸುಮಾರು 3,500 ಮೀಟರ್ ಎತ್ತರದಲ್ಲಿ. ಜನವರಿಯ ರಾತ್ರಿಗಳಲ್ಲಿ ಉಷ್ಣಾಂಶ ಸೊನ್ನೆಗಿಂತ ಹದಿನೈದು ಡಿಗ್ರಿ ಕೆಳಗಿಳಿಯುವುದು ಅಲ್ಲಿನವರಿಗೆ ಸಾಮಾನ್ಯ ಸಂಗತಿ. ಪಟ್ಟಣದ ಕರ್ಝೂ ಕೊಳ ಹೆಪ್ಪುಗಟ್ಟಿದರೆ ಅದೇ ಅಂಗಳ. 1970ರ ದಶಕದಲ್ಲಿ ಸೈನಿಕರು ಆಡುತ್ತಿದ್ದುದನ್ನು ನೋಡಿ ಊರಿನವರು ಕಲಿತ ಆಟ ಇದು. ಸೈನಿಕರ ಹಳೆಯ ಬೂಟುಗಳ ಅಡಿಗೆ ಕಬ್ಬಿಣದ ಪಟ್ಟಿ ಬಡಿದು ಸ್ಕೇಟ್ ಮಾಡಿಕೊಂಡಿದ್ದನ್ನು ಹಿರಿಯರು ಈಗಲೂ ಹೇಳುತ್ತಾರೆ. ತರಬೇತುದಾರ, ಮಂಡಳಿ, ಕ್ರೀಡಾಂಗಣ ಎಲ್ಲವೂ ಆಮೇಲೆ ಬಂದವು. ಮೊದಲು ಬಂದದ್ದು ಕೊಳದ ದಂಡೆಯಲ್ಲಿ ನಿಂತ ಕುತೂಹಲ, ಅದರ ಬೆನ್ನಿಗೇ ಬಂದದ್ದು ನಾಳೆಗೆ ನೆಲ ನುಣುಪಾಗಿರಬೇಕು ಎಂಬ ಚಿಂತೆ.

ನೀರು ಹಾಕುವ ಕೆಲಸ ನೋಡುವುದಕ್ಕೆ ಸುಲಭವಾಗಿ ಕಾಣುತ್ತದೆ, ಮಾಡುವುದಕ್ಕೆ ಹಾಗಲ್ಲ. ಆಟ ಮುಗಿದ ಮೇಲೆ ಅಲಗುಗಳು ಕೆರೆದ ಮಂಜಿನ ಪುಡಿಯನ್ನು ಪೂರ್ತಿ ಗುಡಿಸಿ ದಂಡೆಗೆ ತಳ್ಳಬೇಕು. ಪುಡಿ ಉಳಿದರೆ ಅದರ ಮೇಲೆ ಹಾಕಿದ ನೀರು ಗಂಟುಗಂಟಾಗಿ ಹೆಪ್ಪುಗಟ್ಟಿ, ಮರುದಿನ ಓಡುವ ಹುಡುಗರ ಕಾಲಿಗೆ ತೊಡರುತ್ತದೆ. ನೀರನ್ನು ಒಮ್ಮೆಲೇ ಸುರಿದರೂ ಕೆಡುತ್ತದೆ. ಮೇಲೆ ಸಿಪ್ಪೆಯಂತೆ ಗಟ್ಟಿಯಾಗಿ ಒಳಗೆ ಪೊಳ್ಳು ಉಳಿಯುತ್ತದೆ. ತೆಳುವಾಗಿ ಒಂದು ಪದರ ಹಾಕಿ, ಅದು ಹೆಪ್ಪುಗಟ್ಟುವವರೆಗೆ ಕಾದು, ಇನ್ನೊಂದು ಪದರ ಹಾಕಬೇಕು. ಅನುಕೂಲವಿದ್ದರೆ ಬಿಸಿನೀರು ಇನ್ನೂ ಒಳ್ಳೆಯದು, ಏಕೆಂದರೆ ಬಿಸಿನೀರು ಹಳೆಯ ಗಡ್ಡೆಯ ಮೇಲ್ಮೈಯನ್ನು ತುಸು ಕರಗಿಸಿ ಅದರೊಂದಿಗೆ ಒಂದಾಗಿ ಬೆಸೆಯುತ್ತದೆ, ಅದರಲ್ಲಿ ಕರಗಿರುವ ಗಾಳಿಯೂ ಕಡಿಮೆ. ಈ ಕಾಯುವಿಕೆಯೇ ಅರ್ಧ ಕೆಲಸ. ಕಾಯುವಾಗ ಉಪ್ಪು ಹಾಕಿದ ಬೆಣ್ಣೆ ಚಹ ಕುಡಿಯುತ್ತಾ, ಯಾವ ಹುಡುಗನಿಗೆ ಕೈಗವಸು ಇಲ್ಲ, ಯಾರ ಸ್ಟಿಕ್ ಮುರಿದಿದೆ, ಹಳ್ಳಿಯಿಂದ ಬರುವ ತಂಡವನ್ನು ಯಾರ ಮನೆಯಲ್ಲಿ ಮಲಗಿಸಬೇಕು ಎಂಬುದನ್ನೆಲ್ಲ ಅಲ್ಲಿಯೇ ಇತ್ಯರ್ಥ ಮಾಡುತ್ತಿದ್ದರು. ಒಂದು ಕ್ರೀಡಾ ಸಂಸ್ಥೆಯ ಕಾರ್ಯಕಾರಿ ಸಮಿತಿ ಹೇಗೆ ಕೆಲಸ ಮಾಡಬೇಕೆಂಬುದನ್ನು ನಾನು ಕಂಡದ್ದು ಆ ದಂಡೆಯ ಮೇಲೆ; ಅಲ್ಲಿ ಕುರ್ಚಿಗಳಿರಲಿಲ್ಲ, ಬ್ಯಾನರೂ ಇರಲಿಲ್ಲ.

ಆಟ ಶ್ರೀಮಂತವಾಗಿರುವ ದೇಶಗಳಲ್ಲೂ ಬುನಾದಿ ಇದೇ. ಕೆನಡಾದ ವೇಯ್ನ್ ಗ್ರೆಟ್ಸ್ಕಿ ಈ ಆಟದ ಅತಿ ದೊಡ್ಡ ಹೆಸರು. ಒಂಟಾರಿಯೊದ ಬ್ರಾಂಟ್‌ಫರ್ಡ್‌ನಲ್ಲಿ ಮನೆಯ ಹಿತ್ತಲಿಗೆ ರಾತ್ರಿ ನೀರು ಬಿಟ್ಟು ಆತನಿಗೆ ಅಂಗಳ ಮಾಡಿಕೊಟ್ಟ ತಂದೆ ವಾಲ್ಟರ್ ಟೆಲಿಫೋನ್ ಕಂಪನಿಯ ನೌಕರ. 1949ರಲ್ಲಿ ಕ್ಯಾಲಿಫೋರ್ನಿಯಾದ ಫ್ರಾಂಕ್ ಝಾಂಬೋನಿ ಮಂಜಿನ ನೆಲವನ್ನು ಕೆರೆದು, ತೊಳೆದು, ಬಿಸಿನೀರಿನ ಪದರ ಹಾಸುವ ಯಂತ್ರ ಮಾಡಿದ ಮೇಲೆ, ಹಲವರು ಒಂದು ಗಂಟೆಗೂ ಹೆಚ್ಚು ಹೊತ್ತು ಮಾಡುತ್ತಿದ್ದ ಕೆಲಸ ಒಬ್ಬನಿಂದ ಹದಿನೈದು ನಿಮಿಷದೊಳಗೆ ಆಗತೊಡಗಿತು. ಯಂತ್ರ ಬಂದರೂ ಉಳಿದ ಕೆಲಸಗಳು ಕಡಿಮೆಯಾಗಲಿಲ್ಲ. ಸಮಯ ನೋಡುವವರು, ಅಂಕ ಬರೆಯುವವರು, ದಂಡ ವಿಧಿಸಿಕೊಂಡ ಆಟಗಾರ ಕುಳಿತುಕೊಳ್ಳುವ ಪೆಟ್ಟಿಗೆಯ ಬಾಗಿಲು ತೆಗೆಯುವವರು, ಐದು ವರ್ಷದ ಮಕ್ಕಳ ಸ್ಕೇಟಿನ ದಾರ ಬಿಗಿಯುವವರು, ಹೀಗೆ ಮಕ್ಕಳ ಐಸ್ ಹಾಕಿ ಬಹುಮಟ್ಟಿಗೆ ಸಂಬಳವಿಲ್ಲದ ತಾಯಿತಂದೆಯರ ಕೈಯಲ್ಲಿಯೇ ನಡೆಯುತ್ತದೆ. ಅಲ್ಲಿನದೆಲ್ಲ ಅನುಕರಣೀಯವೆಂದು ನಾನು ಹೇಳುವುದಿಲ್ಲ. ಆಟದ ಖರ್ಚು ಸಾಮಾನ್ಯ ಸಂಸಾರದ ಕೈಮೀರಿದೆ. ಗ್ಯಾಲರಿಯಲ್ಲಿ ನಿಂತು ಹದಿಹರೆಯದ ರೆಫರಿಯನ್ನು ಬೈಯುವ ಪಾಲಕರಿಂದಾಗಿ ರೆಫರಿಗಳೇ ಕೆಲಸ ಬಿಡುತ್ತಿರುವುದು ಅವರಿಗೆ ದೊಡ್ಡ ತಲೆನೋವಾಗಿದೆ.

ಲಡಾಖ್‌ನಲ್ಲಿ ಆ ನೀರು ಹಾಕಿದವರ ಶ್ರಮ ಎಲ್ಲಿಗೆ ತಲುಪಿತು ಎಂಬುದು ಈಗ ದಾಖಲೆಯಲ್ಲಿದೆ. ಭಾರತದ ಮಹಿಳಾ ತಂಡ 2016ರಲ್ಲಿ ತೈಪೆಯಲ್ಲಿ ಮೊದಲ ಬಾರಿಗೆ ಅಂತರರಾಷ್ಟ್ರೀಯ ಪಂದ್ಯಾವಳಿ ಆಡಿತು; ಮರುವರ್ಷ ಬ್ಯಾಂಕಾಕ್‌ನಲ್ಲಿ ಫಿಲಿಪ್ಪೀನ್ಸ್ ವಿರುದ್ಧ ಮೊದಲ ಗೆಲುವು ಪಡೆಯಿತು; 2025ರಲ್ಲಿ ಯುಎಇಯ ಅಲ್ ಐನ್‌ನಲ್ಲಿ ನಡೆದ ಏಷ್ಯಾ ಕಪ್‌ನಲ್ಲಿ ಕಂಚಿನ ಪದಕ ಗೆದ್ದಿತು. ಆ ತಂಡದ ಹೆಚ್ಚಿನ ಹುಡುಗಿಯರು ಲಡಾಖಿನವರು, ವರ್ಷಕ್ಕೆ ಎರಡು ತಿಂಗಳು ಮಾತ್ರ ಹೆಪ್ಪುಗಟ್ಟುವ ಕೊಳಗಳ ಮೇಲೆ ಆಡಿ ಬೆಳೆದವರು. ಈಚೆಗೆ ಲೇಹ್‌ನಲ್ಲಿ ಯಂತ್ರದಿಂದ ಮಂಜುಗಟ್ಟಿಸುವ ಅಂಗಳವೂ ಆಗಿದೆ. ಆಟಗಾರರು ಮೊದಲು ತಯಾರಾಗಿ ಅಂಗಳ ಆಮೇಲೆ ಬಂದಿತು ಎಂಬ ಈ ಕ್ರಮವನ್ನು ನಮ್ಮ ಕಡೆಯವರು ಗಮನಿಸಬೇಕು.

ನಿವೃತ್ತನಾಗಿ ಕಲಬುರಗಿಗೆ ಮರಳಿದ ಮೇಲೆ ಓಣಿಯ ಮಕ್ಕಳಿಗೆ ಲೇಹ್‌ನ ಚಿತ್ರಗಳನ್ನು ತೋರಿಸಿದಾಗ, "ಸರ್ರ, ಬರ್ಫದ ಮ್ಯಾಲ ಆಡೂದು ಖರೇ ಏನ್ರಿ?" ಎಂದು ಕೇಳಿದರು. ಖರೇ ಎಂದೆ. ಹಾಗಾದರೆ ನಮಗೂ ಕಲಿಸಿ ಎಂದರು. ಬರ್ಫ ತರುವುದು ಸಾಧ್ಯವಿರಲಿಲ್ಲ, ಗಾಲಿ ತರಬಹುದಾಗಿತ್ತು. ಒಂದೇ ಸಾಲಿನಲ್ಲಿ ಗಾಲಿಗಳಿರುವ ಸ್ಕೇಟ್ ತೊಟ್ಟು ಆಡುವ ಇನ್‌ಲೈನ್ ಹಾಕಿ ಐಸ್ ಹಾಕಿಯ ಒಡಹುಟ್ಟು. ಐಸ್ ಹಾಕಿಯಲ್ಲಿ ಗೋಲ್‌ಕೀಪರ್ ಸೇರಿ ಆರು ಜನ, ಇದರಲ್ಲಿ ಐದು ಜನ. ಅದರಲ್ಲಿ ವಯಸ್ಕ ಗಂಡಸರಿಗೆ ಮೈಯಿಂದ ಮೈಗೆ ಗುದ್ದಿ ತಡೆಯುವ ಅವಕಾಶವಿದೆ, ಇದರಲ್ಲಿ ಇಲ್ಲ. ಬಯಲುಸೀಮೆಯ ಊರುಗಳಲ್ಲಿ ಗಾಲಿಯ ಮೇಲೆ ಕಲಿತು ಆಮೇಲೆ ಮಂಜಿಗೆ ಇಳಿದವರು ನಮ್ಮ ದೇಶದಲ್ಲಿ ಸಾಕಷ್ಟು ಜನ ಇದ್ದಾರೆ.

ಸೇಡಂ ರಸ್ತೆಯ ಕಡೆಯ ಒಂದು ಸಮುದಾಯ ಭವನದವರು ಮದುವೆಗಳಿಲ್ಲದ ದಿನಗಳಲ್ಲಿ ತಮ್ಮ ಅಂಗಳ ಕೊಡಲು ಒಪ್ಪಿದರು. ನೆಲಕ್ಕೆ ಹಾಸಿರುವುದು ಶಹಾಬಾದ್ ಫರಸಿ ಕಲ್ಲು. ನಮ್ಮ ಜಿಲ್ಲೆಯ ಈ ಕಲ್ಲಿನ ಬಗ್ಗೆ ನನಗೆ ಅಭಿಮಾನವಿದೆ, ಬೇಸಿಗೆಯಲ್ಲೂ ಅದರ ಮೇಲೆ ಅಂಗಾತ ಮಲಗಿ ಬೆಳೆದವನು ನಾನು. ಆದರೆ ಎರಡು ಕಲ್ಲುಗಳ ನಡುವಿನ ಸಂದು ಸಣ್ಣ ಗಾಲಿಗೆ ಶತ್ರು. ಐಸ್ ಹಾಕಿಯ ಪಕ್ ಎಂಬುದು ಮೂರು ಇಂಚು ಅಗಲದ, ಒಂದು ಇಂಚು ದಪ್ಪದ, ಸುಮಾರು 170 ಗ್ರಾಂ ತೂಕದ ಗಟ್ಟಿ ರಬ್ಬರಿನ ಬಿಲ್ಲೆ. ಮಂಜಿನ ಮೇಲೆ ಅದು ಜಾರುವ ಸೊಗಸೇ ಬೇರೆ. ಗಾಲಿಯ ಆಟಕ್ಕೆಂದು ಹಗುರಾದ ಪಕ್ ಸಿಗುತ್ತದೆ, ನಮ್ಮ ಫರಸಿಯ ಸಂದಿಗೆ ತಾಗಿದರೆ ಅದೂ ನಿಂತು ಉರುಳುತ್ತದೆ. ಆದ್ದರಿಂದ ಮಕ್ಕಳು ಚೆಂಡಿನಿಂದ ಆಡುತ್ತಾರೆ. ಸಂದುಗಳಿಗೆ ಸಿಮೆಂಟು ತುಂಬುವುದು, ಎದ್ದ ಕಲ್ಲನ್ನು ಕೂರಿಸುವುದು, ಆಟಕ್ಕೆ ಮುಂಚೆ ಕಪ್ಪು ಮಣ್ಣಿನ ಧೂಳನ್ನು ಒದ್ದೆ ಬಟ್ಟೆಯಿಂದ ಒರೆಸುವುದು, ಇವು ನಮ್ಮ ಕಡೆಯ ನೀರು ಹಾಕುವ ಕೆಲಸಗಳು.

ನಮ್ಮ ಎರೆ ಮಣ್ಣಿನ ಧೂಳು ಮಾಡುವ ಹಾನಿ ಬಹಳ. ಒಂದು ಗಾಲಿಗೆ ಎರಡು ಬೇರಿಂಗ್, ಒಂದು ಸ್ಕೇಟಿಗೆ ನಾಲ್ಕು ಗಾಲಿ, ಒಂದು ಜೊತೆಗೆ ಹದಿನಾರು ಬೇರಿಂಗ್. ಇವೆಲ್ಲದರೊಳಗೂ ಆ ಹುಡಿ ಸೇರಿಕೊಂಡು ಕೆಲವು ವಾರಗಳಲ್ಲಿ ಗಾಲಿ ಕಿರುಗುಟ್ಟತೊಡಗುತ್ತದೆ. ಬಿಚ್ಚಿ, ಸೀಮೆಎಣ್ಣೆಯಲ್ಲಿ ತೊಳೆದು, ಒಣಗಿಸಿ, ಒಂದು ಹನಿ ಮಷಿನ್ ಎಣ್ಣೆ ಬಿಟ್ಟು ಮತ್ತೆ ಜೋಡಿಸಬೇಕು. ಸ್ಕೇಟಿನ ಬೇರಿಂಗ್ 608 ಎಂಬ ಅಳತೆಯದು, ಎಂಟು ಮಿಲಿಮೀಟರ್ ರಂಧ್ರ, ಇಪ್ಪತ್ತೆರಡು ಮಿಲಿಮೀಟರ್ ಹೊರವ್ಯಾಸ. ಇದಕ್ಕಾಗಿ ಬೆಂಗಳೂರಿಗೆ ಬರೆಯಬೇಕಾಗಿಲ್ಲ, ಸಣ್ಣ ಯಂತ್ರಗಳಿಗೂ ಅದೇ ಅಳತೆ ಬರುವುದರಿಂದ ಗಂಜ್ ಕಡೆಯ ಬೇರಿಂಗ್ ಅಂಗಡಿಯಲ್ಲಿ ಸಿಗುತ್ತದೆ. ಗಾಲಿಗಳ ಒಳ ಅಂಚು ಬೇಗ ಸವೆಯುತ್ತದೆ, ಏಕೆಂದರೆ ಸ್ಕೇಟ್ ಮಾಡುವವರು ಕಾಲನ್ನು ಪಕ್ಕಕ್ಕೆ ಒತ್ತಿ ಮುಂದೆ ಹೋಗುತ್ತಾರೆ. ಎಡಗಾಲಿನ ಗಾಲಿಯನ್ನು ಬಲಕ್ಕೆ, ಬಲದ್ದನ್ನು ಎಡಕ್ಕೆ ತಿರುವಿ ಹಾಕಿದರೆ ಅದರ ಆಯುಷ್ಯ ಹೆಚ್ಚುತ್ತದೆ. ಇದನ್ನೆಲ್ಲ ಇಷ್ಟು ವಿವರವಾಗಿ ಬರೆಯುತ್ತಿರುವುದಕ್ಕೆ ಕಾರಣವಿದೆ. ಮಕ್ಕಳ ಆಟ ನಿಲ್ಲುವುದು ಪ್ರತಿಭೆಯ ಕೊರತೆಯಿಂದ ಎಂದು ಭಾಷಣಗಳಲ್ಲಿ ಕೇಳುತ್ತೇವೆ. ನಾನು ಕಂಡಂತೆ ಅದು ನಿಲ್ಲುವುದು ತಿರುಗದ ಗಾಲಿಯಿಂದ, ಬೀಗದ ಕೈ ಯಾರ ಬಳಿ ಇದೆಯೆಂದು ಗೊತ್ತಾಗದ ಸಂಜೆಯಿಂದ.

ಸ್ಕೇಟುಗಳನ್ನು ನಾವು ಪುಸ್ತಕ ಭಂಡಾರದ ಕ್ರಮದಲ್ಲಿ ಕೊಡುತ್ತೇವೆ. ಬೆಳೆಯುವ ಮಗುವಿನ ಪಾದಕ್ಕೆ ಇಂದು ಸರಿಯಾದದ್ದು ಮುಂದಿನ ವರ್ಷ ಆಗುವುದಿಲ್ಲ. ಹೊಸ ಜೊತೆ ಕೊಳ್ಳಲು ಕೆಲವು ಸಾವಿರ ರೂಪಾಯಿ ಬೇಕು. ತೊಗರಿ ಮಾರಿದ ಹಣದಲ್ಲಿ ವರ್ಷವಿಡೀ ನಡೆಯುವ ಮನೆಯಿಂದ ಅದನ್ನು ಕೇಳುವುದು ನ್ಯಾಯವಲ್ಲ. ಪ್ರತಿ ಜೊತೆಗೂ ಒಂದು ಸಂಖ್ಯೆ, ಪ್ರತಿ ಮಗುವಿಗೂ ಒಂದು ಚೀಟಿ. ಸಣ್ಣದಾದ ಜೊತೆಯನ್ನು ತಂದೊಪ್ಪಿಸಿದರೆ ದೊಡ್ಡದು ಸಿಗುತ್ತದೆ. ಈ ದಫ್ತರವನ್ನು ಈಗ ಹತ್ತನೇ ತರಗತಿಯ ಹುಡುಗನೊಬ್ಬ ನೋಡಿಕೊಳ್ಳುತ್ತಾನೆ. ಅವನಿಗೆ ಆಟ ಅಷ್ಟಾಗಿ ಬರುವುದಿಲ್ಲ, ಲೆಕ್ಕ ಮಾತ್ರ ನನಗಿಂತ ಚೊಕ್ಕಟ.

ಕೆನಡಾ, ಅಮೆರಿಕಗಳ ಮಕ್ಕಳ ಹಾಕಿಯಿಂದ ನಾವು ಎರವಲು ತಂದ ಒಂದು ಪದ್ಧತಿ ಬಹಳ ಉಪಯೋಗವಾಗಿದೆ. ಅಲ್ಲಿ ತೀರ ಚಿಕ್ಕವರನ್ನು ಇಡೀ ಅಂಗಳದಲ್ಲಿ ಆಡಿಸುವುದಿಲ್ಲ. ಅರವತ್ತು ಮೀಟರ್ ಉದ್ದದ ನೆಲದಲ್ಲಿ ಆರು ವರ್ಷದ ಮಗು ಪಕ್ ಹಿಂದೆ ಓಡುವುದರಲ್ಲೇ ಸುಸ್ತಾಗುತ್ತದೆ, ಚುರುಕಾದ ಒಬ್ಬಿಬ್ಬರು ಮಾತ್ರ ಆಡುತ್ತಾರೆ. ಅಂಗಳವನ್ನು ಅಡ್ಡಡ್ಡ ಭಾಗ ಮಾಡಿದರೆ ಎಲ್ಲರ ಕೋಲಿಗೂ ಪಕ್ ಮತ್ತೆ ಮತ್ತೆ ತಾಗುತ್ತದೆ. ನಮ್ಮದು ಮೊದಲೇ ಸಣ್ಣ ಅಂಗಳ. ಮರದ ಹಲಗೆಗಳನ್ನು ಅಡ್ಡ ಇಟ್ಟು ಅದನ್ನೂ ಎರಡು ಮಾಡಿದಾಗ ಕೆಲವು ತಂದೆಯರಿಗೆ ಅದು ಆಟದಂತೆಯೇ ಕಾಣಲಿಲ್ಲ. "ಇದೇನ್ರಿ ಸರ್, ಅಡಗಿಮನಿ ಆಟ" ಎಂದು ಒಬ್ಬರು ನಕ್ಕರು. ಹಿಂದೆ ನಿಲ್ಲುತ್ತಿದ್ದ ಅವರ ಮಗನೇ ಈಗ ಚೆಂಡು ಬಿಟ್ಟುಕೊಡುವುದಿಲ್ಲ, ಹಾಗಾಗಿ ಅವರ ನಗೆಯೂ ಬೇರೆಯಾಗಿದೆ. ಕೆನಡಾದಲ್ಲಿ 2013ರಿಂದ ಹದಿಮೂರರೊಳಗಿನ ಮಕ್ಕಳ ಆಟದಲ್ಲಿ ಮೈಗುದ್ದನ್ನು ನಿಷೇಧಿಸಿದ್ದನ್ನೂ ನಾನು ಪಾಲಕರ ಸಭೆಯಲ್ಲಿ ಹೇಳುತ್ತಿರುತ್ತೇನೆ. ಈ ಆಟದ ತವರಿನಲ್ಲೇ ಮಕ್ಕಳ ತಲೆಯ ಬಗ್ಗೆ ಅಷ್ಟು ಎಚ್ಚರ ವಹಿಸುವುದಾದರೆ, ನಮ್ಮಲ್ಲಿ ಹೆಲ್ಮೆಟ್ ಇಲ್ಲದೆ ಗಾಲಿ ಹತ್ತಬಾರದು ಎಂಬ ಮಾತಿಗೆ ವಿನಾಯಿತಿ ಇರುವುದು ಹೇಗೆ? ತಲೆಗೆ ಪೆಟ್ಟಾದ ಮಗು ಆ ದಿನ ಮತ್ತೆ ಅಂಗಳಕ್ಕೆ ಇಳಿಯುವಂತಿಲ್ಲ, ಅದು ಎಷ್ಟೇ ಅತ್ತರೂ, ಅದರ ತಂದೆ ಎಷ್ಟೇ ಕೇಳಿಕೊಂಡರೂ.

ಹುಡುಗಿಯರ ವಿಷಯದಲ್ಲಿ ಹೆಚ್ಚು ಮಾತು ಬೇಕಾಗುತ್ತದೆ. ಒಬ್ಬ ಅಜ್ಜಿ ನೇರವಾಗಿಯೇ ಕೇಳಿದರು: "ಹಲ್ಲು ಮುರಕೊಂಡ್ರ ಮುಂದ ಯಾರು ಜಿಮ್ಮೇದಾರಿ ತಗೋತಾರ್ರಿ?" ಅವರ ಮನಸ್ಸಿನಲ್ಲಿದ್ದದ್ದು ಮೊಮ್ಮಗಳ ಮದುವೆ. ಇಂಥ ಪ್ರಶ್ನೆಗೆ ಮಹಿಳಾ ಸಬಲೀಕರಣದ ಭಾಷಣ ಉತ್ತರವಾಗುವುದಿಲ್ಲ. ಹಲ್ಲಿನ ಕವಚವನ್ನು ಅವರ ಕೈಗೆ ಕೊಟ್ಟು ತೋರಿಸಿದೆ, ಹೆಲ್ಮೆಟ್ಟಿನ ಜಾಲರಿ ತೋರಿಸಿದೆ, ಸಂಜೆ ಆಟ ಮುಗಿಯುವ ಹೊತ್ತು ಹೇಳಿದೆ, ಮನೆಗೆ ಬಿಡಲು ಯಾವ ತಾಯಿ ಜೊತೆಗೆ ಬರುತ್ತಾರೆಂಬುದನ್ನೂ ಹೇಳಿದೆ. ಅಜ್ಜಿ ಒಂದು ವಾರ ತಾವೇ ಬಂದು ಕಟ್ಟೆಯ ಮೇಲೆ ಕುಳಿತು ನೋಡಿದರು, ಆಮೇಲೆ ಸುಸಲಾ ಕಟ್ಟಿಕೊಂಡು ಬರತೊಡಗಿದರು. ಅವರ ಓಣಿಯಿಂದ ಇನ್ನಿಬ್ಬರು ಹುಡುಗಿಯರು ಸೇರಿದ್ದು ಅವರ ಮಾತಿನಿಂದಲೇ.

ಮಕ್ಕಳ ಜೊತೆ ಕೆಲಸ ಮಾಡುವ ದೊಡ್ಡವರಿಗೆ ಕೆಲವು ಕಟ್ಟುಪಾಡುಗಳಿರಬೇಕು, ಮತ್ತು ಅವು ಒಳ್ಳೆಯ ಹೆಸರಿದ್ದವರಿಗೂ ಅನ್ವಯಿಸಬೇಕು. ಒಬ್ಬರೇ ದೊಡ್ಡವರು ಒಂದೇ ಮಗುವಿನ ಜೊತೆ ಮುಚ್ಚಿದ ಕೋಣೆಯಲ್ಲಿರುವಂತಿಲ್ಲ. ಮೊಬೈಲ್ ಸಂದೇಶ ಪಾಲಕರಿಗೆ ಹೋಗಬೇಕು, ಮಗುವಿಗೆ ಬೇರೆಯಾಗಿ ಹೋಗಬಾರದು. ಎರಡು ಜನ ದೊಡ್ಡವರಿಲ್ಲದಿದ್ದರೆ ಆ ದಿನ ಆಟವೇ ಇಲ್ಲ. ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ ತಡೆಯುವ 2012ರ ಪೋಕ್ಸೊ ಕಾಯ್ದೆಯನ್ನು ಹೊಸ ಸ್ವಯಂಸೇವಕರಿಗೆ ಮೊದಲ ದಿನವೇ ಓದಿ ಹೇಳುತ್ತೇವೆ. ಇದರಿಂದ ಮುಜುಗರಪಟ್ಟವರೂ ಇದ್ದಾರೆ, ನನ್ನನ್ನು ಅನುಮಾನಿಸುತ್ತೀರಾ ಎಂದು ಕೇಳಿ ಬರುವುದನ್ನೇ ಬಿಟ್ಟವರೂ ಇದ್ದಾರೆ. ಅವರನ್ನು ಮರಳಿ ಕರೆಯಲು ನಾನು ಹೋಗಲಿಲ್ಲ.

ನಮ್ಮ ಭಾಗದಲ್ಲಿ ಕ್ರೀಡೆಯ ಮಾತು ಬಂದರೆ ಕಟ್ಟಡದಿಂದ ಆರಂಭವಾಗಿ ಕಟ್ಟಡದಲ್ಲೇ ಮುಗಿಯುತ್ತದೆ. ಅನುದಾನ ಬರಲಿ, ಸ್ಕೇಟಿಂಗ್ ಅಂಗಳ ಆಗಲಿ, ಆಮೇಲೆ ಮಕ್ಕಳನ್ನು ಸೇರಿಸೋಣ ಎನ್ನುವವರು ಬಹಳ. ಹಿಂದುಳಿದ ಪ್ರದೇಶಕ್ಕೆ ಸರ್ಕಾರ ಕೊಡಬೇಕಾದದ್ದನ್ನು ಕೇಳಲೇಬೇಕು, ಅದರಲ್ಲಿ ನನಗೆ ಎರಡನೇ ಮಾತಿಲ್ಲ. ಆದರೆ ಕಟ್ಟಡಕ್ಕೆ ಸಿಗುವ ಹಣ ಅದರ ಬೀಗ ತೆಗೆಯುವವನಿಗೆ ಸಿಗುವುದಿಲ್ಲ, ಉದ್ಘಾಟನೆಯ ಮರುದಿನ ಕಸ ಗುಡಿಸುವವರು ಯಾರೆಂದು ಯೋಜನಾ ವರದಿಯಲ್ಲಿ ಬರೆದಿರುವುದಿಲ್ಲ. ಶರಣಬಸವೇಶ್ವರರ ದಾಸೋಹದ ಊರಿನವರಾದ ನಮಗೆ ಇದು ಹೊಸ ವಿಚಾರವಾಗಬಾರದಿತ್ತು. ದಾಸೋಹ ನಿಂತಿರುವುದು ಜಾತ್ರೆಯ ದಿನ ಬಡಿಸಿದವರಿಂದ ಅಷ್ಟೇ ಅಲ್ಲ. ಯಾರೂ ನೋಡದ ಸಾಧಾರಣ ಮಂಗಳವಾರ ಒಲೆ ಹಚ್ಚಿದವರಿಂದ, ಉಂಡವರು ಎದ್ದುಹೋದ ಮೇಲೆ ಹಂಡೆ ತಿಕ್ಕಿದವರಿಂದ.

ಒಬ್ಬನ ಮೇಲೆ ನಿಂತ ಗುಂಪು ಅವನ ಮಂಡಿನೋವಿನ ಜೊತೆಗೇ ಕುಸಿಯುತ್ತದೆ. ಲೇಹ್‌ನಲ್ಲಿ ಟ್ಯಾಕ್ಸಿಯವರು ಬರದ ರಾತ್ರಿ ಅಂಗಡಿಯವರು ಬರುತ್ತಿದ್ದರು, ನೆಲ ಮಾತ್ರ ತಪ್ಪದೆ ತಯಾರಾಗುತ್ತಿತ್ತು. ಇಲ್ಲಿಯೂ ಹಾಗಾಗಲಿ ಎಂದು ಈಗ ಸಂಘವನ್ನು ನೋಂದಾಯಿಸುತ್ತಿದ್ದೇವೆ. ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ, 1960ರ ಪ್ರಕಾರ ಕನಿಷ್ಠ ಏಳು ಜನರ ಸಹಿ ಬೇಕು. ಅಧ್ಯಕ್ಷರಾಗಲು ಒಪ್ಪುವವರು ಬೇಗ ಸಿಕ್ಕರು, ಖಜಾಂಚಿ ತಡವಾಗಿ ಸಿಕ್ಕರು. ಏಳನೆಯವರಾಗಿ ಸಹಿ ಹಾಕಿದವರು ಬೇರಿಂಗ್ ಅಂಗಡಿಯ ಕಾಕಾ. ಸಭೆಗೆ ಬರುವುದು ತಮ್ಮಿಂದ ಆಗದು, ಬೇರಿಂಗ್ ತೊಳೆಯುವ ಹುಡುಗರನ್ನು ಭಾನುವಾರ ಅಂಗಡಿಗೆ ಕಳಿಸಿದರೆ ಕಲಿಸಿಕೊಡುತ್ತೇನೆ ಎಂಬ ಷರತ್ತಿನ ಮೇಲೆ ಅವರು ಪೆನ್ನು ಹಿಡಿದರು. ನಿಯಮಾವಳಿಯ ಕರಡಿನಲ್ಲಿ ಹೆಚ್ಚು ಚರ್ಚೆಯಾದದ್ದು ಬೀಗದ ಕೈಗಳ ಬಗ್ಗೆ. ಮೂರು ಕೈಗಳು, ಮೂರು ಬೇರೆ ಓಣಿಗಳ ಮನೆಗಳಲ್ಲಿ, ಅದರಲ್ಲಿ ಒಂದಾದರೂ ಒಬ್ಬ ತಾಯಿಯ ಬಳಿ ಇರಬೇಕು ಎಂದು ತೀರ್ಮಾನವಾಯಿತು.

ಯುಗಾದಿಯಿಂದ ಮಳೆಗಾಲದವರೆಗೆ ಆಟ ಬೆಳಿಗ್ಗೆ ಆರರಿಂದ ಏಳೂವರೆಯವರೆಗೆ ಮಾತ್ರ; ಅದರ ಆಚೆಗೆ ಫರಸಿ ಕಾಯುತ್ತದೆ, ಗಾಲಿಯೂ ಮೆತ್ತಗಾಗುತ್ತದೆ. ಬೆಳಿಗ್ಗೆ ಐದೂವರೆಗೆ ನೆಲ ಒರೆಸಲು ಇನ್ನೂ ಇಬ್ಬರು ದೊಡ್ಡವರು ಬೇಕಾಗಿದ್ದಾರೆ, ಆಟ ಗೊತ್ತಿರಬೇಕೆಂದಿಲ್ಲ. ಸ್ಕೇಟುಗಳಲ್ಲಿ ಎರಡು ಮತ್ತು ಮೂರನೇ ಸೈಜಿನವು ಯಾವಾಗಲೂ ಕಡಿಮೆ ಬೀಳುತ್ತವೆ. ಕಲಬುರಗಿಯಲ್ಲಿ ಯಾರ ಮನೆಯ ಅಟ್ಟದ ಮೇಲಾದರೂ ಅಂಥ ಜೊತೆ ಬಿದ್ದಿದ್ದರೆ, ಗಾಲಿ ತುಕ್ಕು ಹಿಡಿದು ನಿಂತಿದ್ದರೂ ಚಿಂತೆಯಿಲ್ಲ, ಹಾಗೆಯೇ ಕಳಿಸಿಕೊಡಿ. ಭಾನುವಾರದ ಹುಡುಗರಿಗೆ ಕಲಿಯಲು ಅಂಥವೇ ಬೇಕು.